ನೋಡೋಕೆ ಬಂದವರನ್ನೂ ನೋಡಬೇಕು

ಮಾನವಶಾಸ್ತ್ರ ಅಂದ್ರೆ ಬುಡಕಟ್ಟುಗಳ ಅಧ್ಯಯನ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಕ್ಯಾಮೆರಾ ನೇತುಹಾಕಿಕೊಂಡು ಬರುವ ಪ್ರವಾಸಿಗನೂ ಅದರ ವಿಷಯವೇ. ಪ್ರವಾಸಿಗರು ಅಸಲಿ ಬದುಕನ್ನು ಹುಡುಕಿಕೊಂಡು ಹೋಗುತ್ತಾರೆ, ಆದರೆ ಎಷ್ಟೋ ಸಲ ಅವರಿಗೆ ಸಿಗುವುದು ಅವರಿಗಾಗಿಯೇ ಸಜ್ಜು ಮಾಡಿಟ್ಟ ಅಸಲಿತನ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮೆಕ್ಯಾನೆಲ್ 1973ರಲ್ಲೇ ವಾದಿಸಿದ್ದರು.

ಹಂಪಿಗೆ ಬಂದರೆ ಇದು ಇನ್ನೂ ಗೋಜಲು. ವಿರೂಪಾಕ್ಷ ಗುಡಿಯ ಮುಂದಿನ ಬೀದಿಯ ಕಲ್ಲು ಮಂಟಪಗಳಲ್ಲಿ ಜನ ಮನೆ, ಅಂಗಡಿ, ಹೋಟೆಲ್ ಮಾಡಿಕೊಂಡಿದ್ದರು. ಸ್ಮಾರಕ ಉಳಿಸಬೇಕು ಅಂತ 2011ರಲ್ಲಿ ಅವರನ್ನು ಎಬ್ಬಿಸಿದರು. 2020ರಲ್ಲಿ ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳೂ ನೆಲಸಮವಾದವು. ಕಲ್ಲಿಗೆ ಧಕ್ಕೆ ಆಗುತ್ತಿತ್ತು, ಒಪ್ಪೋಣ. ಆದರೆ ವಿಜಯನಗರದ ಕಾಲದಲ್ಲೂ ಅದು ವ್ಯಾಪಾರದ ಬೀದಿಯೇ ಅಲ್ವಾ? ಈಗ ವ್ಯಾಪಾರಿಗಳನ್ನು ಕಳಿಸಿ, ಖಾಲಿ ಕಂಬಗಳನ್ನು ತೋರಿಸಿ ‘ಇದೇ ಬಜಾರು’ ಅಂತ ಗೈಡ್ ಹೇಳುತ್ತಾನೆ. ನನಗಂತೂ ಮೊದಲಿನದ್ದೇ ಹೆಚ್ಚು ಅಸಲಿ.

ಗುಡಿಯಲ್ಲಿ ಮಾತ್ರ ಪೂಜೆ ನಿಂತಿಲ್ಲ. ಭಕ್ತರು ಯಾರು, ಪ್ರವಾಸಿಗರು ಯಾರು ಅಂತ ಬೇರೆ ಮಾಡುವುದು ಅಲ್ಲಿ ಕಷ್ಟ: ಕೈಮುಗಿದವರೇ ಹೊರಗೆ ಬಂದು ಆನೆ ಜೊತೆ ಸೆಲ್ಫಿ ತೆಗೆಯುತ್ತಾರೆ.