ನಮ್ಮ ಮಕ್ಕಳಿಗೆ ಮಾತು ಕಲಿಸಿದ್ದು ಜಾಬ್ ಕಾರ್ಡ್

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಗೆ ಆಟೊಮೊಬೈಲ್ ಕಲಿಸುತ್ತೇನೆ. ಚಿತ್ರದುರ್ಗ ಜಿಲ್ಲೆ, ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿರದ ಊರು. ರಾತ್ರಿ ಹಗಲೆನ್ನದೆ ಲಾರಿ ಓಡುವ ದಾರಿಯಾದ್ದರಿಂದ ಪಂಚರ್ ಅಂಗಡಿ, ಗ್ಯಾರೇಜು, ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಇಲ್ಲಿ ಬರವಿಲ್ಲ. ಹಾಗಾಗಿ ನಮ್ಮ ಶಾಲೆಗೆ ಈ ವಿಷಯ ಬಂದದ್ದು ಊರಿಗೆ ಒಪ್ಪುವಂತೆಯೇ ಇತ್ತು. ಬೇರೆ ಶಾಲೆಗಳಲ್ಲಿ ರೀಟೇಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್ ಕೇರ್ ಇವೆ.

ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಇದೆ ಎಂಬುದು ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ. ಆದ್ದರಿಂದ ನಾಲ್ಕು ಮಾತು ಹೇಳಿಬಿಡುತ್ತೇನೆ. ಕಸುಬಿನ ಕೌಶಲಗಳನ್ನು ಹಂತ ಹಂತವಾಗಿ ಗುರುತಿಸುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ನಾವೆಲ್ಲ ಎನ್‌ಎಸ್‌ಕ್ಯೂಎಫ್ ಎನ್ನುವುದು, 2013ರ ಡಿಸೆಂಬರ್‌ನಲ್ಲಿ ಅಧಿಸೂಚನೆಯಾಯಿತು. ಶಾಲೆಯ ಈ ವೃತ್ತಿ ವಿಷಯಗಳು ಅದರಡಿಯಲ್ಲೇ ಬರುತ್ತವೆ. ಶಾಲೆಗಳಿಗೆ ಇದರ ದುಡ್ಡು ಬರುವುದು 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಿಂದ. ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಪಠ್ಯ ಸಿದ್ಧಪಡಿಸುವುದು ಭೋಪಾಲದಲ್ಲಿರುವ, ಎನ್‌ಸಿಇಆರ್‌ಟಿಯ ವೃತ್ತಿ ಶಿಕ್ಷಣ ಸಂಸ್ಥೆ. ನಮ್ಮಲ್ಲಿ ಮಕ್ಕಳು ಮೂರನೇ ಭಾಷೆಯ ಬದಲಿಗೆ ಈ ವಿಷಯ ತಗೊಂಡು ಎಸ್‌ಎಸ್‌ಎಲ್‌ಸಿ ಬರೆಯಬಹುದು.

ಯಾವ ವಿಷಯ ತಗೊಂಡರೂ ಪಠ್ಯದಲ್ಲಿ ಎರಡು ಭಾಗ. ಒಂದು ಆಯಾ ಕಸುಬಿನದು. ಇನ್ನೊಂದು ಎಲ್ಲರಿಗೂ ಸಾಮಾನ್ಯವಾದದ್ದು, ಉದ್ಯೋಗ ಕೌಶಲ: ಸಂವಹನ, ಸ್ವ-ನಿರ್ವಹಣೆ, ಕಂಪ್ಯೂಟರ್ ಬಳಕೆ, ಉದ್ಯಮಶೀಲತೆ, ಹಸಿರು ಕೌಶಲ ಎಂಬ ಐದು ಘಟಕಗಳು. ನಾನು ಈ ಪೋಸ್ಟ್ ಬರೆಯುತ್ತಿರುವುದು ಆ ಎರಡನೇ ಭಾಗಕ್ಕಾಗಿ. ಕಂಪನಿಗಳವರು, ಅಧಿಕಾರಿಗಳು, ಎಲ್ಲರೂ ಹೆಚ್ಚು ಮಾತಾಡುವುದು ಅದರ ಬಗ್ಗೆಯೇ. ತರಗತಿಯಲ್ಲಿ ಎಲ್ಲಕ್ಕಿಂತ ಬೇಗ ಬಾಯಿಪಾಠವಾಗಿ ಬಿಡುವುದೂ ಅದೇ.

ಸಂವಹನ ಘಟಕವನ್ನೇ ನೋಡಿ. ಕಳಿಸುವವನು, ಸಂದೇಶ, ಮಾಧ್ಯಮ, ಪಡೆಯುವವನು, ಮರುಮಾಹಿತಿ ಎಂಬ ಚಕ್ರವನ್ನು ಮಕ್ಕಳು ಚೆಂದಾಗಿ ಬರೆಯುತ್ತಾರೆ, ಬಾಣದ ಗುರುತು ಸಮೇತ. ಪರೀಕ್ಷೆಯಲ್ಲಿ ಅಂಕ ಪೂರ್ತಿ. ಅದೇ ಹುಡುಗನಿಗೆ, 'ಆಫೀಸಿಗೆ ಹೋಗಿ ಎಚ್‌ಎಂ ಸಾರ್ ಹತ್ರ ಕ್ಷೇತ್ರ ಭೇಟಿಯ ಫೈಲ್ ಏನಾಯ್ತು ಕೇಳ್ಕೊಂಡು ಬಾ' ಅಂದರೆ ಬಾಗಿಲಲ್ಲೇ ನಿಂತು ಕಾಲ ಬೆರಳಿಂದ ನೆಲ ಕೆರೆಯುತ್ತಾನೆ. ಅವನು ಹೆದರುವವನೇನಲ್ಲ. ಆಟದ ಮೈದಾನದಲ್ಲಿ ಅವನ ಗಂಟಲು ಹೆದ್ದಾರಿಯವರೆಗೂ ಕೇಳುತ್ತದೆ. ದೊಡ್ಡವರ ಮುಂದೆ ಆಡಲು ತನ್ನ ಹತ್ತಿರ ಒಂದು ವಿಷಯವಿದೆ, ಅದು ತನಗೆ ಎದುರಿನವರಿಗಿಂತ ಚೆನ್ನಾಗಿ ಗೊತ್ತು ಎಂಬ ಭರವಸೆ ಅವನಿಗೆ ಯಾರೂ ಕೊಟ್ಟಿಲ್ಲ, ಅಷ್ಟೆ.

ಆ ಭರವಸೆ ಜಾಬ್ ಕಾರ್ಡ್‌ನಿಂದ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರ್ವೀಸ್ ಸೆಂಟರಿಗೆ ಗಾಡಿ ಬಿಟ್ಟವರಿಗೆಲ್ಲ ಈ ಕಾಗದ ಗೊತ್ತು: ಗಾಡಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಪೆಟ್ರೋಲ್ ಇದೆ, ಎಲ್ಲೆಲ್ಲಿ ಗೀರು ಬಿದ್ದಿದೆ, ಗ್ರಾಹಕರ ದೂರೇನು, ಅಂದಾಜು ಖರ್ಚೆಷ್ಟು, ಸಂಜೆ ಎಷ್ಟೊತ್ತಿಗೆ ಕೊಡುತ್ತೇವೆ. ಕೆಳಗೆ ಇಬ್ಬರ ಸಹಿ. ನಮ್ಮ ಲ್ಯಾಬಿನಲ್ಲಿ ಇದನ್ನು ತುಂಬಿಸದೆ ಯಾವ ಗಾಡಿಯ ಒಂದು ಬೋಲ್ಟೂ ಬಿಚ್ಚುವಂತಿಲ್ಲ. ಶಿಕ್ಷಕರು ತಮ್ಮ ಗಾಡಿ ತಂದು ಕೊಡುತ್ತಾರೆ. ಕಾರ್ಡ್ ತುಂಬುವುದು ಮಕ್ಕಳು.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ದೂರಿನ ಜಾಗದಲ್ಲಿ ಗ್ರಾಹಕರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು. ಸಮಾಜ ವಿಜ್ಞಾನದ ಮೇಡಂ ಸ್ಕೂಟರ್ ತಂದಿದ್ದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾರ್ಡ್ ಹಿಡಿದು ಹೋದವಳು 'ಬ್ಯಾಟರಿ ವೀಕ್' ಎಂದು ಬರೆದುಕೊಂಡು ಬಂದಳು.

'ಮೇಡಂ ಹಾಗೆ ಹೇಳಿದ್ರೇನಮ್ಮ?'

'ಇಲ್ಲ ಸಾರ್. ಸೆಲ್ಫ್ ತಗೊಳ್ಳಲ್ಲ ಅಂದ್ರು. ಅದಕ್ಕೇ ಬ್ಯಾಟರಿ ಅಂತ ಬರ್ದೆ.'

'ಯಾವಾಗ ತಗೊಳ್ಳಲ್ಲ? ದಿನಾನಾ, ಒಂದೊಂದ್ಸಲನಾ? ಕಿಕ್ ಹೊಡೆದ್ರೆ? ಹೋಗಿ ಕೇಳು.'

ಅವಳು ಸ್ಟಾಫ್ ರೂಮಿಗೆ ಮತ್ತೆ ಹೋಗಬೇಕಾಯಿತು. ಐದಾರು ಜನ ಶಿಕ್ಷಕರು ಕೂತಿದ್ದ ಕೋಣೆ. ಒಳಗೆ ಹೋಗಿ, ತನ್ನ ಮೇಡಂಗೆ ತಾನೇ ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು ಬಂದಳು: 'ಬೆಳಗ್ಗೆ ಹೊತ್ತು ಸೆಲ್ಫ್ ಹೊಡೆದರೆ ಟಕ್ ಅಂತ ಸದ್ದು ಬರುತ್ತೆ, ಸ್ಟಾರ್ಟ್ ಆಗಲ್ಲ. ಕಿಕ್ ಹೊಡೆದರೆ ಆಗುತ್ತೆ. ಮಧ್ಯಾಹ್ನ ಒಂದೊಂದು ಸಲ ಸೆಲ್ಫೇ ಸರಿಯಾಗಿ ಆಗುತ್ತೆ.' ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದಳು. ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿತ್ತು. ಪೂರ್ತಿ ಚಾರ್ಜ್ ಆದದ್ದು 12.6ರ ಆಸುಪಾಸು ಇರುತ್ತದೆ, ಅಂದರೆ ಬ್ಯಾಟರಿ ಕುಸಿದಿಲ್ಲ. ಟರ್ಮಿನಲ್ ನೋಡಿದರೆ ಹಳೆ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬೂಷ್ಟು ಕಟ್ಟಿದಂತೆ ಬಿಳಿ ಪುಡಿ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಹಳೆ ಟೂತ್‌ಬ್ರಷ್ ಅದ್ದಿ ಉಜ್ಜಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿ ಬಿಗಿ ಮಾಡಿದಳು. ಗಾಡಿ ಸೆಲ್ಫ್‌ನಲ್ಲೇ ಎದ್ದಿತು.

ಇದರಲ್ಲಿ ನನಗೆ ರಿಪೇರಿಗಿಂತ ಮುಖ್ಯವಾಗಿ ಕಂಡದ್ದು ಆಮೇಲಿನ ಐದು ನಿಮಿಷ. ಮೇಡಂ ಬಂದಾಗ ಅವಳು ಏನಾಗಿತ್ತು, ತಾನೇನು ನೋಡಿದೆ, ಹೊಸ ಬ್ಯಾಟರಿ ಯಾಕೆ ಬೇಡ, ಮತ್ತೆ ಪುಡಿ ಕಟ್ಟಿದರೆ ಏನು ಮಾಡಬೇಕು ಎಂದೆಲ್ಲ ನಿಂತು ವಿವರಿಸಿದಳು. ತಡವರಿಸಲಿಲ್ಲ. ಕಂಠಪಾಠದ ಧಾಟಿಯೂ ಇರಲಿಲ್ಲ. ಸಂವಹನ ಘಟಕದಲ್ಲಿ ಬರೆದಿರುವ ಆಲಿಸುವುದು, ಮರುಪ್ರಶ್ನೆ ಕೇಳುವುದು, ಕಣ್ಣು ನೋಡಿ ಮಾತಾಡುವುದು, ಎಲ್ಲವೂ ಅಲ್ಲಿ ನಡೆದುಹೋಗಿತ್ತು. ಉದ್ಯೋಗ ಕೌಶಲ ಎಂಬುದನ್ನು ಕಸುಬಿನಿಂದ ಬಿಡಿಸಿ ಪ್ರತ್ಯೇಕ ಪೀರಿಯಡ್‌ನಲ್ಲಿ ಕಲಿಸಿದರೆ ಹತ್ತುವುದಿಲ್ಲ, ಮಾಡುವ ಕೆಲಸದೊಳಗೆ ಇಟ್ಟರೆ ತಾನಾಗಿ ಹತ್ತುತ್ತದೆ. ನನ್ನ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇದು. ನಮ್ಮ ಜೊತೆಯ ತರಬೇತುದಾರರಿಗೂ ನಾನು ಇದನ್ನೇ ಹೇಳುತ್ತಿರುತ್ತೇನೆ.

ಉಳಿದ ಘಟಕಗಳಿಗೂ ಹೀಗೆ ಜಾಗ ಸಿಗುತ್ತದೆ. ಸ್ಪ್ಯಾನರ್, ಪ್ಲೈಯರ್, ಫೀಲರ್ ಗೇಜ್ ಪ್ರತಿಯೊಂದರ ಆಕಾರವನ್ನು ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದು, ಅದರದರ ಜಾಗದಲ್ಲೇ ನೇತು ಹಾಕಿದ್ದೇವೆ. ಗಂಟೆ ಹೊಡೆಯುವಾಗ ಒಂದು ಆಕಾರ ಖಾಲಿ ಇದ್ದರೆ ಯಾರೂ ಹೊರಡುವಂತಿಲ್ಲ. ಸ್ವ-ನಿರ್ವಹಣೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಜಾಬ್ ಕಾರ್ಡ್‌ನ ಅಂದಾಜು ಖರ್ಚು ಬರೆಯುವಾಗ ಸಾಮಾನಿಗೆಷ್ಟು, ಮಜೂರಿ ಎಷ್ಟು, ಅಂಗಡಿ ಬಾಡಿಗೆ ಕರೆಂಟು ಕಳೆದು ಉಳಿಯುವುದೆಷ್ಟು ಎಂಬ ಲೆಕ್ಕ ಉದ್ಯಮಶೀಲತೆಗೆ ಸೇರುತ್ತದೆ. ಅದೇ ಬಿಲ್ಲನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್‌ಗೆ ಹಾಕಿಸುತ್ತೇನೆ.

ಹಸಿರು ಕೌಶಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕಡೆ ಸುಟ್ಟ ಆಯಿಲ್ ಅಂದರೆ ಬೆಲೆಬಾಳುವ ವಸ್ತು. ಗೆದ್ದಲು ಹಿಡಿಯದಿರಲಿ ಎಂದು ಬೇಲಿ ಗೂಟಕ್ಕೆ, ಬಾಗಿಲ ಚೌಕಟ್ಟಿಗೆ ಬಳಿಯುತ್ತಾರೆ. ಮಿಕ್ಕದ್ದು ಚರಂಡಿಗೆ. 'ಪರಿಸರ ಉಳಿಸಿ' ಎಂದು ಚಿತ್ರ ಬರೆಸಿದರೆ ಮಕ್ಕಳು ಮರ ಬರೆಯುತ್ತಾರೆ, ಸೂರ್ಯ ಬರೆಯುತ್ತಾರೆ. ಆದರೆ ಅದೇ ಆಯಿಲ್‌ನ ಒಂದು ಹನಿಯನ್ನು ಬಕೆಟ್ ನೀರಿಗೆ ಬಿಟ್ಟು, ಅದು ಮೇಲೆಲ್ಲ ಹರಡುವುದನ್ನು ತೋರಿಸಿ, ಇದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಡಬ್ಬದಲ್ಲಿ ಕೂಡಿಟ್ಟು ಅಧಿಕೃತವಾಗಿ ಮರುಬಳಕೆ ಮಾಡುವವರಿಗೆ ಸೇರಬೇಕು ಎಂದರೆ, ಮನೆಗೆ ಹೋಗಿ ಅಪ್ಪನ ಜೊತೆ ವಾದಕ್ಕೆ ಕೂರುತ್ತಾರೆ. ಹಳೆ ಬ್ಯಾಟರಿಯದೂ ಅಷ್ಟೆ. ಗುಜರಿಯವನಿಗೆ ಕೊಡದೆ ಹೊಸದು ಕೊಂಡ ಅಂಗಡಿಗೇ ವಾಪಸು ಕೊಡಬೇಕು. ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ನಿಯಮ ತಯಾರಕರ ಮೇಲೆ ಹಾಕಿದೆ.

ಯೋಜನೆಯಲ್ಲಿ ಕ್ಷೇತ್ರ ಭೇಟಿಗೂ ಅತಿಥಿ ಉಪನ್ಯಾಸಕ್ಕೂ ಅವಕಾಶವಿದೆ. ನನ್ನನ್ನು ಕೇಳಿದರೆ ಸರ್ಕಾರ ಖರ್ಚು ಮಾಡುವ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ. ಹೆದ್ದಾರಿ ಪಕ್ಕದ ಲಾರಿ ಸರ್ವೀಸ್ ಸೆಂಟರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ, 'ಸ್ಪ್ಯಾನರ್ ಹಿಡಿಯದೆ ಕೆಲಸ ಮಾಡುವವರು ಇಲ್ಲಿ ಯಾರ್ಯಾರಿದ್ದಾರೆ, ಪಟ್ಟಿ ಮಾಡಿ' ಎಂದು ಹೇಳಿದ್ದೆ. ಗ್ರಾಹಕರನ್ನು ಮಾತಾಡಿಸುವ ಸರ್ವೀಸ್ ಅಡ್ವೈಸರ್, ಸ್ಟೋರ್ಸ್‌ನಲ್ಲಿ ಪಾರ್ಟ್ ನಂಬರ್ ಹುಡುಕುವವರು, ಬಿಲ್ಲಿಂಗ್‌ನವರು, ವಿಮೆಯ ಕಾಗದ ನೋಡುವವರು ಹೀಗೆ ಪಟ್ಟಿ ಉದ್ದವಾಗುತ್ತಲೇ ಹೋಯಿತು. ಅಲ್ಲಿವರೆಗೂ ಆಟೊಮೊಬೈಲ್ ಅಂದರೆ ಲಾರಿ ಕೆಳಗೆ ಮಲಗುವ ಕೆಲಸ ಎಂದುಕೊಂಡಿದ್ದ ಮಕ್ಕಳು ವಾಪಸು ಬರುತ್ತ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು. 'ಸಾರ್, ಆರ್‌ಟಿಒ ಇನ್‌ಸ್ಪೆಕ್ಟರ್ ಆಗೋಕೆ ಏನು ಓದ್ಬೇಕು?' ಎಂದು ಕೇಳಿದವನು ಎಂದೂ ಬಾಯಿ ಬಿಡದ ಹುಡುಗ. ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರು ಅದಕ್ಕೆ ಅರ್ಜಿ ಹಾಕಬಹುದು ಎಂಬುದನ್ನು ಅವನ ಮನೆಯಲ್ಲಿ ಹೇಳುವವರು ಯಾರೂ ಇರಲಿಲ್ಲ.

ಈಗ ಒಂದು ಕಠಿಣ ವಿಷಯ. ಜೂನ್‌ನಲ್ಲಿ ಪೋಷಕರ ಸಭೆ ಕರೆದಾಗ ಒಬ್ಬರಾದರೂ ಎದ್ದು, 'ಗ್ಯಾರೇಜಿಗೆ ಹಾಕೋದಾದ್ರೆ ನಾನೇ ಹಾಕ್ತಿದ್ದೆ ಸಾರ್, ಸ್ಕೂಲಿಗೆ ಯಾಕೆ ಕಳಿಸ್ಬೇಕಿತ್ತು?' ಎಂದು ಕೇಳುತ್ತಾರೆ. ಅವರ ಕೋಪದಲ್ಲಿ ಸತ್ಯವಿದೆ. ತಲೆತಲಾಂತರದಿಂದ ಕೈ ಕೆಲಸಕ್ಕೆ ಕಟ್ಟಿಬಿದ್ದ ಮನೆಗಳವರು, ಓದು ಅದರಿಂದ ಬಿಡುಗಡೆ ಮಾಡುತ್ತದೆ ಎಂದು ನಂಬಿ ಮಕ್ಕಳನ್ನು ಕಳಿಸಿದ್ದಾರೆ. ಶಾಲೆಯೇ ಅವರ ಮಗುವಿನ ಕೈಗೆ ಸ್ಪ್ಯಾನರ್ ಕೊಟ್ಟರೆ ಅನುಮಾನ ಬರದೇ ಇರುತ್ತದೆಯೇ? ಅದಕ್ಕೆ ಸರಿಯಾಗಿ, 'ಹಿಂದಿ ಬರಲ್ಲ, ಇವನನ್ನ ಆಟೊಮೊಬೈಲ್‌ಗೆ ಹಾಕಿ' ಎಂದು ಹಿಂದುಳಿದ ಮಕ್ಕಳನ್ನು ಮಾತ್ರ ಈ ಕಡೆ ತಳ್ಳುವ ಅಭ್ಯಾಸ ಹಲವೆಡೆ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದ ದಿನವೇ ಈ ವಿಷಯ ಎರಡನೇ ದರ್ಜೆಯದಾಗಿ ಬಿಡುತ್ತದೆ. ಗಣಿತದಲ್ಲಿ ಮೊದಲ ಸಾಲಿನಲ್ಲಿರುವ ಹುಡುಗಿಯೂ ಓದಲು ಕಷ್ಟಪಡುವ ಹುಡುಗನೂ ಒಂದೇ ಜಾಬ್ ಕಾರ್ಡ್ ಮೇಲೆ ಬಗ್ಗಿ ಕೂರಬೇಕು. ವರ್ನಿಯರ್ ಕ್ಯಾಲಿಪರ್ ಓದುವಾಗ ಆ ಹುಡುಗಿ ಹೇಳಿಕೊಡುತ್ತಾಳೆ, ಚೈನ್ ಸಡಿಲ ನೋಡುವಾಗ ಆ ಹುಡುಗ ಹೇಳಿಕೊಡುತ್ತಾನೆ.

ಪೋಷಕರಿಗೆ ನಾನು ಮುಂದಿನ ದಾರಿಗಳನ್ನು ಬರೆದೇ ತೋರಿಸುತ್ತೇನೆ. ಈ ವಿಷಯ ತಗೊಂಡರೆ ಪಿಯುಸಿ ವಿಜ್ಞಾನದ ಬಾಗಿಲು ಮುಚ್ಚುವುದಿಲ್ಲ, ಗಣಿತ, ವಿಜ್ಞಾನ ಎಲ್ಲರಂತೆ ಓದೇ ಓದುತ್ತಾರೆ. ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷ, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಆದಮೇಲೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಹಾಗೆಯೇ ದಾರಿಯಿದೆ. ಇದನ್ನು ಕೇಳಿದ ಮೇಲೆ ಮೊದಲು ಜಗಳವಾಡಿದವರೇ ಕಾಗದ ತಗೊಂಡು ಹೋಗುತ್ತಾರೆ.

ಸರ್ಕಾರದ ಬೆಂಬಲ ಎಲ್ಲಿ ಸಾಲದು ಎಂಬುದನ್ನೂ ಹೇಳದೆ ಇರಲಾರೆ. ನಮ್ಮಂಥವರ ನೇಮಕ ಹೊರಗುತ್ತಿಗೆ ಏಜೆನ್ಸಿಗಳ ಮೂಲಕ. ಒಪ್ಪಂದ ಮುಂದುವರಿಯುವುದು ತಡವಾದರೆ ಶಾಲೆ ಶುರುವಾದರೂ ವಿಷಯಕ್ಕೆ ತರಬೇತುದಾರರಿಲ್ಲ. ಸಂಬಳ ತಿಂಗಳುಗಟ್ಟಲೆ ನಿಂತು, ಒಳ್ಳೆಯ ಕೆಲಸಗಾರರು ಬಿಟ್ಟು ಹೋದದ್ದನ್ನು ನೋಡಿದ್ದೇನೆ. ಅವರು ಎರಡು ವರ್ಷ ಕಷ್ಟಪಟ್ಟು ಬೆಳೆಸಿದ ಊರಿನ ಗ್ಯಾರೇಜುಗಳ ಪರಿಚಯ, ಸರ್ವೀಸ್ ಸೆಂಟರಿನವರ ನಂಬಿಕೆ, ಎಲ್ಲವೂ ಅವರ ಜೊತೆಗೇ ಹೋಗುತ್ತದೆ. ಪಿಯು ಮಟ್ಟದಲ್ಲಿ ಜೆಒಸಿ ಎಂಬ ವೃತ್ತಿ ಕೋರ್ಸು ನಮ್ಮ ರಾಜ್ಯದಲ್ಲಿ ದೀರ್ಘಕಾಲ ನಡೆದು ನಿಂತುಹೋಯಿತು. ಆ ಗತಿ ಇದಕ್ಕೆ ಬರಬಾರದು ಎಂಬುದು ನನ್ನ ಕಳಕಳಿ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ, 2025ರ ಹೊತ್ತಿಗೆ ಅರ್ಧದಷ್ಟಾದರೂ ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದು ಬರೆದರು. ಆರರಿಂದ ಎಂಟನೇ ತರಗತಿಗೆ ಹತ್ತು ದಿನ ಬ್ಯಾಗಿಲ್ಲದೆ ಕಸುಬುದಾರರ ಜೊತೆ ಕಲಿಯುವ ಮಾತೂ ಅದರಲ್ಲಿದೆ. ಒಳ್ಳೆಯ ಮಾತುಗಳು. ಅವು ಶಾಲೆಯ ಅಂಗಳಕ್ಕೆ ಇಳಿಯಬೇಕಾದರೆ ಅಲ್ಲಿ ನಿಂತು ಕಲಿಸುವ ವ್ಯಕ್ತಿ ಜೂನ್ ಒಂದರಿಂದಲೇ ಇರಬೇಕು, ಅವರ ಸಂಬಳ ತಿಂಗಳು ತಿಂಗಳು ಬರಬೇಕು.

ನಿಮ್ಮ ಮನೆಯಲ್ಲಿ ಎಂಟನೇ ತರಗತಿ ಮುಗಿಸುತ್ತಿರುವ ಮಗು ಇದ್ದು, ಶಾಲೆಯಲ್ಲಿ ಈ ವಿಷಯ ಇದ್ದರೆ, ಸೇರಿಸುವ ಮುಂಚೆ ಲ್ಯಾಬ್ ಬಾಗಿಲು ತೆಗೆಸಿ ನೋಡಿ. ಸಾಮಾನು ಪೆಟ್ಟಿಗೆಯಲ್ಲೇ ಇದೆಯೋ, ಕೈ ಮಸಿ ತಾಗಿದೆಯೋ ತಿಳಿಯುತ್ತದೆ. ಹೋದ ವರ್ಷ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ ಎಂದು ಕೇಳಿ. ಹತ್ತನೇ ತರಗತಿಯ ಒಂದು ಮಗುವನ್ನು ಕರೆದು, ನಿಮ್ಮ ಗಾಡಿಯ ತೊಂದರೆಯೊಂದನ್ನು ಹೇಳಿ, ಅದು ನಿಮಗೆ ಮರುಪ್ರಶ್ನೆ ಕೇಳುತ್ತದೆಯೋ ನೋಡಿ. ಕೇಳಿದರೆ ಧೈರ್ಯವಾಗಿ ಸೇರಿಸಿ. ಕೇಳದಿದ್ದರೆ ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಎದ್ದು ನಿಂತು ಯಾಕೆ ಎಂದು ವಿಚಾರಿಸಿ. ಕೇಳುವ ಹಕ್ಕು ಪೋಷಕರಿಗಿದೆ, ಮತ್ತು ನೀವು ಕೇಳಿದರೆ ನಮ್ಮಂಥ ತರಬೇತುದಾರರ ಕೆಲಸಕ್ಕೂ ಬಲ ಬರುತ್ತದೆ.