ಫುಲ್ ಟ್ಯಾಂಕ್, ಆದರೂ ಮುಳ್ಳು ಖಾಲಿಯಲ್ಲೇ

ನನ್ನದು 1970ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮುಳ್ಳು ಮೇಲೇಳಲಿಲ್ಲ. ಮೀಟರ್ ಬದಲಿಸು ಅಂದರು ಗೆಳೆಯರು, ಸುಮ್ನೆ ದುಡ್ಡು ದಂಡ ಅನಿಸಿತು. ಟೆಂಪರೇಚರ್ ಮುಳ್ಳು ಸರಿಯಾಗೇ ಇತ್ತು. ಎರಡಕ್ಕೂ ಸುಮಾರು 10 ವೋಲ್ಟ್ ಕೊಡುವುದು ಒಂದೇ ಸ್ಟೆಬಿಲೈಸರ್, ಹಾಗಾಗಿ ಅದು ಕೆಟ್ಟಿಲ್ಲ ಅಲ್ವಾ? ಇಗ್ನಿಷನ್ ಆಫ್ ಮಾಡಿ, ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆದು ಮೀಟರಿಗೆ ತಿಳಿಸುವ ಸೆಂಡರ್‌ನಿಂದ ವೈರ್ ಬಿಚ್ಚಿ, ಕಿಡಿ ಟ್ಯಾಂಕಿನ ಹತ್ತಿರ ಹಾರಬಾರದು ಅಂತ ಮೊದಲೇ ಅದನ್ನು ಕಾರಿನ ಲೋಹದ ಮೈಗೆ ಬಿಗಿಯಾಗಿ ಸೇರಿಸಿ, ಆಮೇಲೆ ಕೀ ತಿರುಗಿಸಿದೆ. ಮುಳ್ಳು ನಿಧಾನಕ್ಕೆ ಫುಲ್ ಕಡೆ ಏರಿತು! ತಕ್ಷಣ ಆಫ್ ಮಾಡಿದೆ, ಜಾಸ್ತಿ ಹೊತ್ತು ಬಿಟ್ಟರೆ ಮೀಟರ್ ಸುಡಬಹುದು. ಅಂದರೆ ಮೀಟರ್, ವೈರ್ ಎರಡೂ ಚೆನ್ನಾಗಿವೆ. ಸೆಂಡರಿನ ಅರ್ತ್ ಕೂಡ ಗಟ್ಟಿಯಾಗಿತ್ತು. ಸೆಂಡರ್ ಹೊರತೆಗೆದು ಅದರಲ್ಲಿ ಪೆಟ್ರೋಲ್ ಮೇಲೆ ತೇಲಬೇಕಾದ ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗುಳುಗುಳು ಸದ್ದು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಪೆಟ್ರೋಲ್ ನುಗ್ಗಿ ಫ್ಲೋಟ್ ಮುಳುಗಿಹೋಗಿತ್ತು. ಹೊಸ ಫ್ಲೋಟ್ ಹಾಕಿದೆ, ಮುಳ್ಳು ಈಗ ಮುಕ್ಕಾಲಿನಲ್ಲಿದೆ.