ಟ್ರಂಕಿನ ಮುಚ್ಚಳದ ಕರ್ಣ

ಎರಡನೇ ಶನಿವಾರ. ಬೆಳಿಗ್ಗೆ ಮಂಡ್ಯ ಸ್ಟೇಷನ್ನಿನಲ್ಲಿ ಮೈಸೂರಿನ ಪ್ಯಾಸೆಂಜರ್ ರೈಲಿಗೆ ಕಾಯುತ್ತಾ ನಿಂತಿದ್ದೆವು, ನಾನು ಮತ್ತು ನನ್ನ ಬಾಮೈದ. ಅವನದು ಬರಿಗೈ. ನನ್ನ ಚೀಲದಲ್ಲಿ ಎರಡು ರಟ್ಟು, ಒಂದು ಮೆತ್ತನೆ ಬ್ರಷ್, ಒಂದು ಭೂತಗನ್ನಡಿ.

"ಭಾವ, ಹೋಗ್ತಿರೋದು ಪುಸ್ತಕ ತರೋಕಾ, ಆಪರೇಷನ್ ಮಾಡೋಕಾ?" ಅಂದ.

ಹಳೆಯ ಪತ್ರಿಕೆ, ಹಳೆಯ ಕಾಮಿಕ್ಸ್ ಕೂಡಿಡುವುದು ನನ್ನ ಹುಚ್ಚು. ಓದುವುದಕ್ಕಲ್ಲ, ಚಿತ್ರಕ್ಕೆ. ಕಥೆ ಅರ್ಧ ಹರಿದುಹೋಗಿದ್ದರೂ ಪರವಾಗಿಲ್ಲ, ಮುಖಪುಟ ಇರಬೇಕು. ಕಥೆ ಪೂರ್ತಿ ಇದ್ದು ಮುಖಪುಟ ಇಲ್ಲ ಅಂದರೆ ನನಗೆ ಅದು ರದ್ದಿ. ಇದನ್ನು ಮನೆಯಲ್ಲಿ ಯಾರಿಗೂ ಅರ್ಥ ಮಾಡಿಸಲು ಇದುವರೆಗೆ ಆಗಿಲ್ಲ. ಬಾಮೈದ ಬಂದಿದ್ದು ನಜರ್‌ಬಾದಿನ ಮೈಲಾರಿ ದೋಸೆಗೆ.

ಈ ಸಲ ಹೊರಟಿದ್ದಕ್ಕೆ ಕಾರಣ ಒಂದು ಫೋನು. ಮೈಸೂರಿನ ಅಗ್ರಹಾರದಲ್ಲಿ ಒಂದು ಹಳೆಯ ಮನೆ ಖಾಲಿ ಮಾಡುತ್ತಿದ್ದಾರೆ, ಅಟ್ಟದ ಮೇಲೆ ಚಂದಮಾಮ ಇವೆಯಂತೆ ಎಂದು ನಮ್ಮ ದೂರದ ನೆಂಟರೊಬ್ಬರು ಹೇಳಿದ್ದರು. ಮಧ್ಯಾಹ್ನದ ಮೇಲೆ ಬನ್ನಿ ಅಂದಿದ್ದರು. ಅಲ್ಲಿಯವರೆಗೆ ನನ್ನ ಮಾಮೂಲಿ ಸುತ್ತು.

ರೈಲು ಯಲಿಯೂರು ದಾಟಿತು. ಎರಡೂ ಕಡೆ ಕಬ್ಬು. ಬಾಮೈದ ಬೇಜಾರಾಗಿ ಕೇಳಿದ, "ಅದೇನೋ ಪಲ್ಪ್ ಪಲ್ಪ್ ಅಂತೀರಲ್ಲ, ಏನದು?"

ಕಿಟಕಿಯಾಚೆಗೆ ಕೈ ತೋರಿಸಿದೆ. ನಮ್ಮ ಬೆಳಗೊಳದ ಪೇಪರ್ ಮಿಲ್ಲಿನಲ್ಲಿ ಒಂದು ಕಾಲಕ್ಕೆ ಈ ಕಬ್ಬಿನ ಸಿಪ್ಪೆಯನ್ನೇ ಅರೆದು ಕಾಗದ ಮಾಡುತ್ತಿದ್ದರು. ಅಮೆರಿಕದಲ್ಲಿ ಮರ ಅರೆದರು. ಹಾಗೆ ಅರೆದ ತಿರುಳೇ ಪಲ್ಪ್. ಫ್ರಾಂಕ್ ಮನ್ಸಿ ಅನ್ನುವವನು 1896ರಲ್ಲಿ ತನ್ನ ಆರ್ಗೋಸಿ ಪತ್ರಿಕೆಯನ್ನು ಆ ಅಗ್ಗದ ಕಾಗದದ ಮೇಲೆ ಬರೀ ಕಥೆಗಳಿಂದ ತುಂಬಿಸಿ ಮಾರಿದ. ಜನ ಮುಗಿಬಿದ್ದರು. ಆಮೇಲೆ ಪತ್ತೇದಾರಿ, ಕೌಬಾಯ್, ದೆವ್ವ, ಮಂಗಳಗ್ರಹ, ಒಂದೊಂದಕ್ಕೂ ಒಂದೊಂದು ಪತ್ರಿಕೆ ಬಂತು. ಆ ಕಾಗದದಲ್ಲಿ ಮರದ ನಾರನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತು ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗುತ್ತದೆ, ಕಂದಾಗುತ್ತದೆ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಆದರೆ ಮುಖಪುಟಕ್ಕೆ ಮಾತ್ರ ಹೊಳಪಿನ ಒಳ್ಳೆ ಕಾಗದ ಹಾಕುತ್ತಿದ್ದರು. ಅಂಗಡಿ ಮುಂದೆ ನೇತುಹಾಕಿದಾಗ ದಾರಿಹೋಕರು ನಿಲ್ಲಬೇಕಲ್ಲ! ಅದಕ್ಕೇ ಒಳಗಿನ ಕಥೆ ಪುಡಿಯಾದರೂ ಹೊರಗಿನ ಬಣ್ಣ ಇನ್ನೂ ಕೂಗುತ್ತಿರುತ್ತದೆ.

ನನ್ನ ಹತ್ತಿರ ಅಂಥ ಅಮೆರಿಕನ್ ಪಲ್ಪ್ ಇರುವುದು ಒಂದೇ ಒಂದು, ಅದೂ ಹಿಂಬದಿ ಹೊದಿಕೆ ಇಲ್ಲದ್ದು. ಮಿಕ್ಕವನ್ನು ಪುಸ್ತಕಗಳಲ್ಲಿ ನೋಡಿ ಆಸೆಪಟ್ಟಿದ್ದೇನೆ ಅಷ್ಟೆ. 1926ರ ಏಪ್ರಿಲ್‌ನಲ್ಲಿ ಶುರುವಾದ ವೈಜ್ಞಾನಿಕ ಕಥೆಗಳ ಪತ್ರಿಕೆ ಅಮೇಜಿಂಗ್ ಸ್ಟೋರೀಸ್‌ನ ಮೊದಲ ವರ್ಷಗಳ ಮುಖಪುಟಗಳನ್ನು ಬರೆದವನು ಫ್ರಾಂಕ್ ಆರ್. ಪಾಲ್. ಕಟ್ಟಡದ ನಕ್ಷೆ ಕಲಿತವನು. ಅವನ ಯಂತ್ರಗಳು, ಊರುಗಳು ಅದ್ಭುತ. ಮನುಷ್ಯರು ಮಾತ್ರ ಗದ್ದೆಯ ಬೆದರುಬೊಂಬೆಗಳು. ದೆವ್ವ, ಮಾಟದ ಕಥೆಗಳ ಪತ್ರಿಕೆ ವಿಯರ್ಡ್ ಟೇಲ್ಸ್‌ಗೆ 1930ರ ದಶಕದಲ್ಲಿ ಮುಖಪುಟ ಬರೆದ ಮಾರ್ಗರೆಟ್ ಬ್ರಂಡೇಜ್ ಅದಕ್ಕೆ ತದ್ವಿರುದ್ಧ. ಪೇಸ್ಟಲ್ ಬಣ್ಣದಲ್ಲಿ ಅವಳು ಬರೆದ ಹೆಂಗಸರ ಚರ್ಮಕ್ಕೆ ಬಿಸಿ ಇದೆ ಅನ್ನಿಸುತ್ತದೆ. ಇಷ್ಟು ಹೇಳುವಷ್ಟರಲ್ಲಿ ಶ್ರೀರಂಗಪಟ್ಟಣದ ಸೇತುವೆ ಬಂತು. ಬಾಮೈದ ಕಾವೇರಿ ನೋಡತೊಡಗಿದ.

ದೋಸೆ ಆಯಿತು. ಅವನು ನಾಲ್ಕು ತಿಂದ.

ಅಲ್ಲಿಂದ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಸುಮ್ನೆ ಒಂದು ನಿಮಿಷ ನಿಂತೆ. ಮೈಸೂರಿಗೆ ಬಂದಾಗಲೆಲ್ಲ ನಿಲ್ಲುತ್ತೇನೆ. ಆ ಸಾಲು ಕಮಾನುಗಳ ಕೆಳಗಿನ ಪುಸ್ತಕದಂಗಡಿಗಳಲ್ಲಿ ನನ್ನ ಕಾಲೇಜಿನ ದುಡ್ಡೆಲ್ಲ ಹೋಗಿದೆ. 2012ರಲ್ಲಿ ಒಂದು ಭಾಗ ಕುಸಿದುಬಿತ್ತು, ಅಂಗಡಿಗಳು ಚೆದುರಿದವು. ಈಗ ಹಳೆಯ ಪುಸ್ತಕ ಬೇಕಾದರೆ ಸಂದಿಗೊಂದಿ ತಿರುಗಬೇಕು.

ಅಶೋಕ ರಸ್ತೆಯ ಹಿಂದಿನ ಒಂದು ಸಂದಿಯಲ್ಲಿ ಹಳೆ ಪೇಪರ್ ಅಂಗಡಿಯವರು ನನಗೆ ಪರಿಚಯ. ಪುಸ್ತಕ ಬಂದರೆ ತಕ್ಕಡಿಗೆ ಹಾಕುವ ಮೊದಲು ನನಗೆ ಅಂತ ಪಕ್ಕಕ್ಕಿಡುತ್ತಾರೆ. "ಬನ್ನಿ ಸಾರ್, ನಿಮ್ಮ ಬಣ್ಣದ ಮಾಲು ಬಂದಿದೆ" ಅಂದರು. "ಕೊರವಂಜಿ?" ಅಂದೆ. "ಅದೊಂದು ಕೇಳ್ಬೇಡಿ."

ಕೇಳದೆ ಇರಲು ಆಗುತ್ತದೆಯೇ? ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು 1942ರಲ್ಲಿ ಶುರುಮಾಡಿದ ನಗೆಪತ್ರಿಕೆ ಅದು. ಈ ಊರಿನಲ್ಲೇ ಹುಟ್ಟಿ, ಇಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಆರ್.ಕೆ. ಲಕ್ಷ್ಮಣ್, ಇನ್ನೂ ಎಳೆಯರಿದ್ದಾಗಲೇ ಅದಕ್ಕೆ ವ್ಯಂಗ್ಯಚಿತ್ರ ಬರೆದಿದ್ದರು. ಮೈಸೂರಿನಲ್ಲೇ ಅದು ಸಿಗದಿದ್ದರೆ ಇನ್ನೆಲ್ಲಿ ಸಿಕ್ಕೀತು? ಪ್ರತಿ ಸಲ ಕೇಳುತ್ತೇನೆ, ಪ್ರತಿ ಸಲ ಇಲ್ಲ.

ಅವರು ತೆಗೆದಿದ್ದು ಇಂದ್ರಜಾಲ್ ಕಾಮಿಕ್ಸ್‌ನ ಒಂದು ಕಟ್ಟು, ಇಂಗ್ಲಿಷಿನವು. 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರವರೆಗೆ ನಡೆದ ಮಾಲೆ. ಶುರುವಿನವುಗಳಲ್ಲಿ ಮುಖವಾಡದ ಕಾಡಿನ ವೀರ ಫ್ಯಾಂಟಮ್ಮನ ಅಂಗಿ ನೀಲಿ, ಆಮೇಲೆ ನೇರಳೆ. ಅವನ ಕಾಡು ಇರುವ ದೇಶಕ್ಕೂ ಇಲ್ಲಿ ಹೆಸರು ಬದಲಾಗಿ ಡೆಂಕಾಲಿ ಆಯಿತು. ಒಳಗಿನ ಚಿತ್ರ ಅಮೆರಿಕದಿಂದ ಬಂದದ್ದು. ಆದರೆ ಮುಖಪುಟ ಬರೆದವರಲ್ಲಿ ನಮ್ಮ ದೇಶದ ಬಿ. ಗೋವಿಂದ್ ಇದ್ದಾರೆ. ನನಗೆ ಬೇಕಾಗಿದ್ದೇ ಅವರು. ಪೋಸ್ಟರ್ ಬಣ್ಣದ ಆ ದಪ್ಪ, ಹಿಂದಿನ ಕತ್ತಲು, ಓರೆಯಾಗಿ ಬೀಳುವ ಬೆಳಕು. ಒಳಗಿನ ಪುಟಗಳಿಗಿಂತ ಮುಖಪುಟದಲ್ಲೇ ಕಾಡು ಜಾಸ್ತಿ ಇರುತ್ತದೆ.

ಭೂತಗನ್ನಡಿ ತೆಗೆದೆ. ಬಾಮೈದನಿಗೆ ನಗು. ಆದರೆ ಎರಡು ವರ್ಷದ ಹಿಂದೆ ಬೇರೊಂದು ಕಡೆ ನಾನು ಮೂರು ಸಾವಿರ ಕೊಟ್ಟು ತಂದ "ಹಳೇ ಒರಿಜಿನಲ್" ಮನೆಗೆ ಬಂದ ಮೇಲೆ ಕಲರ್ ಪ್ರಿಂಟ್ ಅಂತ ಗೊತ್ತಾಗಿತ್ತು. ಹಳದಿ ಬರಲಿ ಅಂತ ಟೀ ನೀರು ಸವರಿದ್ದರು! ಅಂದಿನಿಂದ ಭೂತಗನ್ನಡಿ ಜೊತೆಯಲ್ಲೇ ಇರುತ್ತದೆ. ಅಚ್ಚುಕೂಟದಲ್ಲಿ ನಾಲ್ಕು ಬಣ್ಣದಲ್ಲಿ ಒತ್ತಿದ ಚಿತ್ರದಲ್ಲಿ ಚುಕ್ಕಿಗಳು ಸಾಲಾಗಿ, ಪುಟ್ಟ ಹೂವಿನ ಹಾಗೆ ಕೂತಿರುತ್ತವೆ. ಮನೆಯ ಪ್ರಿಂಟರಿನ ಚುಕ್ಕಿಗಳು ರವೆ ಚೆಲ್ಲಿದ ಹಾಗೆ. ಈ ಕಟ್ಟಿನಲ್ಲಿ ಹೂವು ಇತ್ತು. ಪಿನ್ನು ತುಕ್ಕು ಹಿಡಿದಿತ್ತು, ಅದೂ ಒಳ್ಳೆಯ ಲಕ್ಷಣ. ಆರು ಆರಿಸಿದೆ, ಚೌಕಾಸಿ ಮಾಡಲಿಲ್ಲ.

ಅಮರ ಚಿತ್ರ ಕಥೆಯ ಹಳೆಯ ಕನ್ನಡ ಪುಸ್ತಕ ಇದೆಯೇ ಅಂತಲೂ ಕೇಳಿದೆ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಆ ಮಾಲೆ ಮೊದಲು ಹೊರಬಂದಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ. ಆಗ ಅದರಲ್ಲಿ ಇದ್ದಿದ್ದು ಸಿಂಡರೆಲ್ಲಾ ಥರದ ವಿದೇಶಿ ಕಥೆಗಳು. ಹನ್ನೊಂದನೇ ನಂಬರಿಗೆ ಕೃಷ್ಣ ಬಂದ. ಅಂಗಡಿಯವರು ನನ್ನ ಮುಖ ನೋಡಿ, "ಕನ್ನಡದ್ದು ಯಾರೂ ತೂಕಕ್ಕೆ ಹಾಕಲ್ಲ ಸಾರ್, ಮಕ್ಕಳೇ ಹರಿದು ಮುಗಿಸ್ತಾರೆ" ಅಂದರು.

ಇನ್ನೂ ಟೈಮಿತ್ತು. ಜಗನ್ಮೋಹನ ಅರಮನೆಗೆ ಹೋದೆವು. ಜನ ಎಲ್ಲ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಗುಂಪುಗೂಡುತ್ತಾರೆ. ನಾನು ರವಿವರ್ಮನ ಹತ್ತಿರ ಜಾಸ್ತಿ ಹೊತ್ತು ಕಳೆದೆ. ಸೀರೆಯ ಅಂಚು, ಒಡವೆಯ ಹೊಳಪು, ನಾಟಕದ ರಂಗದ ಹಾಗೆ ನಿಂತ ದೇವರುಗಳು. ಇವನ ಚಿತ್ರ ಅಚ್ಚಾಗಿ ಮನೆಮನೆಯ ಗೋಡೆಗೆ ಹೋಯಿತು. ಚಂದಮಾಮದ ಮುಖಪುಟಗಳನ್ನು ನೋಡಿದಾಗ ನನಗೆ ಆ ಗೋಡೆಗಳೇ ನೆನಪಾಗುತ್ತವೆ. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಆ ಪತ್ರಿಕೆಗೆ ಮಹಾಭಾರತದ ಮುಖಪುಟಗಳನ್ನು ಬರೆದವರು ನಮ್ಮ ಎಂ.ಟಿ.ವಿ. ಆಚಾರ್ಯ. ವಡ್ಡಾದಿ ಪಾಪಯ್ಯನವರ ಬಣ್ಣ ಇನ್ನೂ ಮೃದು. ಒಳಗೆ ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಕೊಟ್ಟವರು ಶಂಕರ್. ಅವರು 2020ರಲ್ಲಿ ತೀರಿಕೊಂಡರು.

"ಹೊಟ್ಟೆ ಹಸೀತಿದೆ ಭಾವ" ಅಂದ ಬಾಮೈದ. ನಾಲ್ಕು ದೋಸೆ ತಿಂದು ಮೂರು ಗಂಟೆ ಆಗಿರಲಿಲ್ಲ.

ಅಗ್ರಹಾರದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಇದ್ದರು. ಅಟ್ಟದಿಂದ ಚಂದಮಾಮ ಇಳಿಸಿಟ್ಟಿದ್ದರು. ವರ್ಷಕ್ಕೊಂದು ಹಾಗೆ ಕ್ಯಾಲಿಕೋ ಬಟ್ಟೆಯ ಬೈಂಡು, ಬೆನ್ನಿನ ಮೇಲೆ ಇಸವಿ. ನನ್ನ ಎದೆ ಹೊಡೆದುಕೊಂಡಿತು. ಮೊದಲನೆಯದು ತೆರೆದೆ. ನೇರ ಕಥೆಯೇ ಶುರು. ಎರಡನೆಯದೂ ಹಾಗೆ. ಒಂಬತ್ತು ಬೈಂಡು, ಒಂದರಲ್ಲೂ ಒಂದೂ ಮುಖಪುಟ ಇಲ್ಲ.

ನಮ್ಮ ಕಡೆ ಇದು ಮಾಮೂಲು. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಹೊಲಿಸಿಡುತ್ತಿದ್ದರಲ್ಲ, ಅದೇ ಅಭ್ಯಾಸ. ಕಥೆ ಉಳಿಯಬೇಕು, ಮಿಕ್ಕಿದ್ದು ದಂಡ.

"ಯಾಕಪ್ಪಾ ಮುಖ ಸಣ್ಣಗೆ ಮಾಡ್ಕೊಂಡೆ?" ಅಂದರು ಅಜ್ಜಿ.

"ಮುಖಪುಟ ಇಲ್ವಲ್ಲಮ್ಮ."

"ಬೈಂಡಿಗೆ ಕೊಡೋಕೆ ಮುಂಚೆ ನಮ್ಮಣ್ಣ ಕಿತ್ತು ಬಿಸಾಕ್ತಿದ್ದ. ದಪ್ಪ ಆಗುತ್ತೆ, ಹೊಲಿಗೆ ಕೂರಲ್ಲ ಅಂತ. ಬಾ ಇಲ್ಲಿ."

ಒಳಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು. ಮುಚ್ಚಳ ಎತ್ತಿದರು. ಒಳಮೈ ತುಂಬಾ ಮುಖಪುಟಗಳು! ಅಂಚಿಗೆ ಅಂಚು ಸೇರಿಸಿ ಅಂಟಿಸಿದ್ದರು. ಹುಡುಗಿಯಾಗಿದ್ದಾಗ ಮೈದಾ ಅಂಟು ಕಾಯಿಸಿ ಅವರೇ ಅಂಟಿಸಿದ್ದಂತೆ. ಬೆಳಕು ಬೀಳದ ಜಾಗ, ಬಣ್ಣ ಮಾಸಿರಲಿಲ್ಲ. ಒಂದೆರಡು ಕಡೆ ಹುಳು ದಾರಿ ಮಾಡಿತ್ತು. ನಾನು ಕೊಂಡೊಯ್ದಿದ್ದ ಬ್ರಷ್ಷಿನಿಂದ ಧೂಳು ಸವರಿದೆ. ರಥ, ಕುದುರೆ, ಕಿರೀಟ, ಕೆಂಪು ಆಕಾಶ ಒಂದೊಂದೇ ಮೇಲೆ ಬಂದವು. ಬಾಮೈದನೂ ಬಗ್ಗಿ ನೋಡಿದ. ದಿನದಲ್ಲಿ ಮೊದಲ ಸಲ ಅವನು ಏನೂ ಕೇಳಲಿಲ್ಲ.

ಟ್ರಂಕು ಕೊಡುತ್ತೀರಾ ಅಂತ ಕೇಳಿದೆ. ರೇಟು ನೀವೇ ಹೇಳಿ ಅಂದೆ.

"ಇದರಲ್ಲಿ ನನ್ನ ಮದುವೆ ಸೀರೆ ಇದೆ ಕಣಪ್ಪಾ" ಅಂದರು. ಮಾತು ಅಲ್ಲಿಗೆ ಮುಗಿಯಿತು. ಫೋಟೋ ತೆಗೆದುಕೊ, ಬೇಡ ಅನ್ನಲ್ಲ ಅಂದರು. ಕಿಟಕಿ ತೆಗೆಸಿ, ಫ್ಲ್ಯಾಶ್ ಹಾಕದೆ ಇಪ್ಪತ್ತು ಮೂವತ್ತು ಫೋಟೋ ತೆಗೆದೆ. ನಡುವಿನ ಚಿತ್ರದಲ್ಲಿ ಬಿಲ್ಲು ಎಳೆದು ನಿಂತ ಒಬ್ಬ ವೀರ. ಕೆಳಗಿನ ಅಂಚು ಹರಿದು ಸಹಿ ಹೋಗಿತ್ತು. ಆಚಾರ್ಯರ ಕೈ ಅಂತ ನನ್ನ ಮನಸ್ಸು ಹೇಳಿತು.

"ಅರ್ಜುನ ಚೆನ್ನಾಗಿದ್ದಾನೆ" ಅಂದೆ.

"ಅರ್ಜುನ ಯಾಕಾದಾನು? ಕರ್ಣ."

"ಕುಂಡಲ ಇಲ್ವಲ್ಲಮ್ಮ."

"ಕೊಟ್ಟಾದ ಮೇಲೆ ಎಲ್ಲಿರುತ್ತೆ?" ಅಂದು ಮುಚ್ಚಳ ಹಾಕಿದರು.

ಸಂಜೆ ರೈಲಿನಲ್ಲಿ ಪಾಂಡವಪುರದವರೆಗೂ ಬಾಮೈದ ನನ್ನ ಫೋನಿನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಆಮೇಲೆ ಹೇಳಿದ, "ಅಜ್ಜಿ ಹೇಳಿದ್ದೇ ಸರಿ ಕಣ್ರೀ ಭಾವ. ರಥದ ಚಕ್ರ ನೋಡಿ, ಮಣ್ಣೊಳಗಿದೆ."